ಕಾಲುಚೀಲದೊಳಗಿನ ಮೂಳೆ

ಕಾಫಿ ಡಬ್ಬದಲ್ಲಿ, ಹಳೇ ಕಾಲುಚೀಲಕ್ಕೆ ತುರುಕಿ
ವೆಲ್ಡಾ ತಂದಳು ಅದನ್ನು.
ಫೇರ್‌ಬ್ಯಾಂಕ್ಸಿನಲ್ಲಿ ಅಂದು ಮೈನಸ್ ನಲವತ್ತು.
ಬೇಸಿಗೆಯಿಡೀ ಪೈಪು ಹಿಡಿದು ದಂಡೆ ತೊಳೆದರೂ
ಚಿನ್ನವಿಲ್ಲ, ಇದೊಂದೇ.
"ಕುದುರೆಯದಾ?" ಅಂದಳು.

ಅಳೆದೆ. ಮಗ್ಗುಲು ತಿರುಗಿಸಿದೆ.
ಕಾಡೆಮ್ಮೆಯದಕ್ಕಿಂತ ಉದ್ದ, ಕುದುರೆಯದಕ್ಕಿಂತ ಸಪೂರ,
ಇನ್ನೂ ಮಣ್ಣಾಗಲೊಪ್ಪದ ಕೊಟ್ಟಿಗೆಯ ವಾಸನೆ.
"ಒಂಟೆ" ಎಂದೆ, ಬಾಯಿತಪ್ಪಿ, ಕನ್ನಡದಲ್ಲೇ.

ಒಂದನೇ ಕ್ಲಾಸಿನ ಗೋಡೆಯಲ್ಲಿ
ಒ ಅಕ್ಷರಕ್ಕೆ ಒರಗಿ ನಿಂತಿದ್ದ ಹಳದಿ ಪ್ರಾಣಿ;
ಹಿಂದೆ ಎರಡು ಗೀಟು ಮರಳು, ಒಂದು ಖರ್ಜೂರದ ಮರ.
ಹಿಮ ಬರೆಯಲು
ಯಾವ ಮೇಷ್ಟರಿಗೂ ತೋಚಿರಲಿಲ್ಲ.

ಈ ಬೆರಳು ಮರಳು ಕಂಡದ್ದಲ್ಲ.
ಹೆಪ್ಪುಗಟ್ಟಿದ ಹುಲ್ಲು ತುಳಿದು ಇಲ್ಲೇ ಮೇಯ್ದದ್ದು;
ಡುಬ್ಬವಿದ್ದಿದ್ದರೆ, ಅದು
ಕತ್ತಲ ತಿಂಗಳುಗಳಿಗೆ ಕಟ್ಟಿಕೊಂಡ ಬುತ್ತಿ.
(ಕೊಬ್ಬು ಕಲ್ಲಾಗುವುದಿಲ್ಲ, ಹೇಳಲಾರೆ.)
ನೆಂಟರು ಪಡುವಕ್ಕೆ ದಾಟಿ
ಬಿಸಿಲಿಗೆ ಹೆಸರಾದರು.
ಇದು ದಾಟಲಿಲ್ಲ.

"ಒಂಟಿ?" ವೆಲ್ಡಾ ಬಾಯಲ್ಲಿ ಹೊರಳಿಸಿ ನೋಡಿದಳು.
"ಅಲ್ಲ, ಒಂಟೆ."
"ಅದೇ ಅಂದೆನಲ್ಲ."

ಚೀಟಿ ಬರೆದೆ: ತೊರೆಯ ಹೆಸರು, ತಾರೀಖು,
ಎಡವೋ ಬಲವೋ ತಿಳಿಯದು.
ಅವಳು ಬಾಗಿಲವರೆಗೆ ಹೋಗಿ ತಿರುಗಿ ಬಂದಳು,
ಕಾಲುಚೀಲ ಬೇಕಂತೆ,
ಅದರ ಜೋಡಿ ಮನೆಯಲ್ಲಿದೆ.