ಐವತ್ತೊಂಬತ್ತು

ಸೋಮವಾರ ಮೂವತ್ತೆಂಟು ಇತ್ತು.
ಬುಧವಾರ ಅದೇ ಹೊತ್ತಿಗೆ, ಅದೇ ತೋಳು,
ಅದೇ ನರ, ಒಂದು ಬೆರಳು ಮೇಲಕ್ಕೆ.
ಐವತ್ತೊಂಬತ್ತು.

ಎಪ್ಪತ್ತಾರು ಬರಬೇಕಿತ್ತು ಅನ್ನುತ್ತಾರೆ ಜನ.
ಎರಡು ದಿನಕ್ಕೆ ಇಮ್ಮಡಿ, ಮತ್ತೆರಡು ದಿನಕ್ಕೆ ಅದರ ಇಮ್ಮಡಿ,
ಮಗ್ಗಿ ಒಪ್ಪಿಸುವ ಜಾಣೆಯ ಹಾಗೆ
ರಕ್ತ ತಡವರಿಸದೆ ಹೇಳುತ್ತ ಹೋಗಬೇಕಂತೆ.
ಪುಸ್ತಕ ಅಷ್ಟು ಬಿಗಿಯಲ್ಲ. ಅರ್ಧದಷ್ಟು ಏರಿದರೂ ಸಾಕು ಎನ್ನುತ್ತದೆ,
ಕೆಳಗೆ ಸಣ್ಣ ಅಕ್ಷರದಲ್ಲಿ
ಸಾಕೆಂದರೆ ಸಾಕಲ್ಲ ಎನ್ನುತ್ತದೆ.

ನಾನು ತ್ಸಿಯಾಲಾ. ಕುತಾಯಿಸಿ ಊರಿನ ಹೆರಿಗೆ ಆಸ್ಪತ್ರೆಯಲ್ಲಿ
ನೆಲಮಾಳಿಗೆಯ ಲ್ಯಾಬು ನನ್ನದು.
ಕಿಟಕಿಯೆತ್ತರಕ್ಕೆ ಜನರ ಬೂಟುಗಳು ಕಾಣುತ್ತವೆ,
ಹಿಮ ಕರಗಿದ ದಿನ ರಿಯೋನಿ ನದಿ ಕೇಳಿಸುತ್ತದೆ.
ಅಂಕಿ ಬರೆಯುವುದು ನಾನು.
ಅರ್ಥ ಮೇಲಿನ ಮಹಡಿಯವರದು.

ಆದರೆ ಕೇಳುವವರು ಇಲ್ಲೇ ಕೇಳುತ್ತಾರೆ.
ನೆಸ್ತಾನ್ ಅಂತ ಅವಳ ಹೆಸರು.
ಬಜಾರಿನ ಹಿಂದೆ, ಮಣ್ಣಿನ ಒಲೆಯ ಬಾಯಿಗೆ ಬಾಗಿ
ಗೋಡೆಗೆ ರೊಟ್ಟಿ ಅಂಟಿಸುವವಳು.
ಮೊಣಕೈವರೆಗೂ ಸುಟ್ಟ ಗೆರೆಗಳು,
ಸೂಜಿಗೆ ಜಾಗ ಹುಡುಕಬೇಕು ನಾನು.

ಐವತ್ತೊಂಬತ್ತು ಅಂದರೆ ಇದೆಯಾ?
ಇದೆ.
ಸೋಮವಾರ?
ಆಗಲೂ ಇತ್ತು.
ಇರುತ್ತದಾ?
ಶುಕ್ರವಾರ ಬನ್ನಿ.

ನನಗೆ ಕೆಲಸ ಕಲಿಸಿದ ಎತೇರಿ
ಇದೇ ನೆಲಮಾಳಿಗೆಯಲ್ಲಿ ಗಂಡು ಕಪ್ಪೆಗಳನ್ನು ಸಾಕಿದ್ದಳಂತೆ,
ತಗಡಿನ ತೊಟ್ಟಿಯಲ್ಲಿ, ಒದ್ದೆ ಗೋಣಿ ಹೊದಿಸಿ.
ಬಂದವಳ ಬೆಳಗಿನ ಮೂತ್ರ ಕಪ್ಪೆಯ ಚರ್ಮದಡಿಗೆ.
ಮೂರು ತಾಸಿನ ಮೇಲೆ ಗಾಜಿನ ಪಟ್ಟಿಯಲ್ಲಿ
ಬಾಲದ ಚುಕ್ಕಿಗಳು ಈಜಿದರೆ ಹೌದು.
ಈಜದಿದ್ದರೆ ಇಲ್ಲ.
ಕಪ್ಪೆಗೆ ಐವತ್ತೊಂಬತ್ತು ಗೊತ್ತಿರಲಿಲ್ಲ.

ನಮ್ಮ ಯಂತ್ರಕ್ಕೆ ಎಲ್ಲ ಗೊತ್ತು.
ಎರಡು ದಶಮಾಂಶದವರೆಗೆ ಗೊತ್ತು.
ಅಡ್ಡಗೋಡೆಯ ಮೇಲೆ ದೀಪವಿಟ್ಟು
ಎರಡೂ ಕಡೆ ಕತ್ತಲೆ ತೋರಿಸುತ್ತದೆ.
ಕೊಳವೆಯಲ್ಲಿ ಸಿಕ್ಕಿಕೊಂಡ ಬಸಿರೂ ಮೊದಮೊದಲು ಇದೇ ಅಂಕಿ ಬರೆಸುತ್ತದೆ.
ಯಾರಿಗೂ ಹೇಳದೆ ಕರಗುವ ಬಸಿರೂ.
ಮುಂದೊಂದು ದಿನ ಅಂಗಳದಲ್ಲಿ ಸೈಕಲ್ಲಿನಿಂದ ಬಿದ್ದು
ಮಂಡಿ ಒರೆಸಿಕೊಳ್ಳುವ ಬಸಿರೂ.

ನನ್ನದು ತೊಂಬತ್ತಮೂರರ ಚಳಿಗಾಲ.
ಕರೆಂಟಿಲ್ಲ, ಸೀಮೆಎಣ್ಣೆಗೆ ಸರದಿ,
ಮನೆಯ ಕುರ್ಚಿಗಳನ್ನೇ ಒಲೆಗೆ ಹಾಕಿದ ಕಾಲ.
ಮುಟ್ಟು ಹನ್ನೊಂದು ದಿನ ತಡವಾಗಿ ಬಂತು.
ಚಳಿಗೆ ಅಂದಳು ಅತ್ತೆ. ಚಳಿಗೆ ಅಂದೆ ನಾನೂ.
ಈಗಾಗಿದ್ದರೆ ಅದಕ್ಕೊಂದು ಅಂಕಿ ಇರುತ್ತಿತ್ತು.
ಅಂಕಿ ಇದ್ದಿದ್ದರೆ
ಹೆಸರೂ ಇಟ್ಟುಬಿಡುತ್ತಿದ್ದೆನೇನೋ.
ತಿಳಿಯದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ,
ಇದನ್ನು ಅಳೆಯುವ ರಾಸಾಯನಿಕ ಇನ್ನೂ ಬಂದಿಲ್ಲ.

ಶುಕ್ರವಾರ ಬೆಳಕಾಗುವ ಮೊದಲೇ ಬಂದಳು.
ಕೂದಲಲ್ಲಿ ಹಿಟ್ಟು, ಕಂಕುಳಲ್ಲಿ ಪೇಪರು ಸುತ್ತಿದ ರೊಟ್ಟಿ.
ತೋಳು ಚಾಚುತ್ತ, ನನ್ನ ಕಡೆ ನೋಡದೆ ಅಂದಳು:
ಚಳಿಯಲ್ಲಿ ನನ್ನ ಹಿಟ್ಟೂ ಇಮ್ಮಡಿ ಉಬ್ಬುವುದಿಲ್ಲ ಅಕ್ಕಾ,
ರೊಟ್ಟಿಯಂತೂ ಆಗುತ್ತದೆ.
ಹಿಟ್ಟಲ್ಲ ಇದು ಅನ್ನಲು ಬಾಯಿ ಬರಲಿಲ್ಲ.
ಗಟ್ಟಿಯಾಗಿ ಒತ್ತಿ ಹಿಡಿ ಹತ್ತಿಯನ್ನ, ಅಂದೆ.

ಯಂತ್ರಕ್ಕೆ ಹದಿನೆಂಟು ನಿಮಿಷ ಬೇಕು.
ಅವಳು ಹೊರಗಿನ ಬೆಂಚಿನಲ್ಲಿ ಕೂತಿದ್ದಾಳೆ,
ಬಾಗಿಲ ಸಂದಿಯಲ್ಲಿ ಒಂದು ಬೂಟು ಮಾತ್ರ ಕಾಣುತ್ತದೆ,
ಲೇಸು ಬಿಚ್ಚಿದೆ.
ದಾಖಲೆ ಪುಸ್ತಕ ತೆರೆದು ಗೆರೆ ಎಳೆದೆ.
ಮೂವತ್ತೆಂಟು, ಐವತ್ತೊಂಬತ್ತು, ಪಕ್ಕದಲ್ಲಿ ಖಾಲಿ ಚೌಕ.
ನೂರರ ಮೇಲೆ ಬಂದರೆ ಏನೂ ಹೇಳಲಾರೆ.
ಅರವತ್ತಕ್ಕೆ ನಿಂತರೂ ಹೇಳಲಾರೆ.
ಮುಂದಿನ ಎರಡು ದಿನಕ್ಕೆ ಭಾನುವಾರ ಬರುತ್ತದೆ, ಲ್ಯಾಬಿಗೆ ರಜೆ,
ಸೋಮವಾರಕ್ಕೆ ಎಪ್ಪತ್ತೆರಡು ಗಂಟೆ, ಆಗ ಲೆಕ್ಕವೇ ಬೇರೆ.

ರೊಟ್ಟಿಯ ಚೂಪು ತುದಿ ಮುರಿದೆ.
ಲ್ಯಾಬಿನಲ್ಲಿ ತಿನ್ನಬಾರದು ಅಂತ ಗೋಡೆ ಮೇಲೆ ನಾನೇ ಬರೆದದ್ದು.
ಒಳಗೆ ಇನ್ನೂ ಬಿಸಿ ಇತ್ತು.