ರಜೆ ಚೀಟಿಯ ಕೊನೆಯ ಗೆರೆ

ಎಂಟು ವರ್ಷ ನನ್ನ ರಜೆ ಚೀಟಿಗೆ
ಸಹಿ ಹಾಕಿದವರು ಕ್ಯಾಪ್ಟನ್ ಡ್ರಿಸ್ಕಲ್.
ನಾನು ಪೊಲೀಸನಲ್ಲ.
ಪೊಲೀಸರ ಮೇಲೆ ಬಂದ ದೂರುಗಳನ್ನು ಟೈಪು ಮಾಡುವವನು.
ಹಾರ್ಲೋ ಫೆರಿ ನಗರಸಭೆ, ಎರಡನೇ ಮಹಡಿ,
ಕಿಟಕಿಯಾಚೆ ನದಿ, ಕಾಗದದ ಗಿರಣಿ,
ಗಾಳಿ ಈ ಕಡೆ ಬೀಸಿದರೆ ಕೊಳೆತ ಎಲೆಕೋಸಿನ ವಾಸನೆ.

ಬಾಗಿಲ ಮೇಲೆ ಹಿತ್ತಾಳೆ ಅಕ್ಷರ: ಸ್ವತಂತ್ರ ಪರಿಶೋಧಕರು.
ಒಳಗೆ ಮಾರೆನ್ ಹೋಲ್ಟೆ.
ಮೇಜು ಅವಳದು, ಕಪಾಟು ಅವಳದು, ಕುರ್ಚಿಗಳೂ ಅವಳವೇ.
ಕುರ್ಚಿಯಲ್ಲಿ ಕೂತ ನಾವು ಮೂವರು ಮಾತ್ರ
ಎದುರು ಕಟ್ಟಡದವರ ಲೆಕ್ಕ.
ಬಡ್ತಿ, ಸಂಬಳ, ವರ್ಷದ ಕೊನೆಗೆ ಬರೆಯುವ ನಾಲ್ಕು ಸಾಲು,
ಹಲ್ಲುನೋವಿಗೆ ಅರ್ಧ ದಿನ ಬಿಡಬೇಕೋ ಬೇಡವೋ,
ಎಲ್ಲ ಅಲ್ಲಿಂದ.

ಡ್ರಿಸ್ಕಲ್ ಕೆಟ್ಟವರೇನಲ್ಲ.
ಮಗಳು ಹುಟ್ಟಿದಾಗ ಕೇಳಿದ್ದಕ್ಕಿಂತ ಒಂದು ವಾರ ಹೆಚ್ಚು ಬರೆದರು.
ಹೆಂಡತಿಯ ಕೈಲಿ ಹೆಣೆಸಿ
ನೀಲಿ ಉಣ್ಣೆ ಟೊಪ್ಪಿ ಕಳಿಸಿದರು.
ಅದೇ ಕಷ್ಟ.
ಕೆಟ್ಟವನ ಭಯ ಒಂದು ದಿನ ಇಳಿದೀತು,
ಒಳ್ಳೆಯವನ ಮುಲಾಜು ಬೆರಳಿಗೆ ಹತ್ತುತ್ತದೆ.
ದೂರುದಾರ ‘ಒದ್ದರು’ ಅಂದದ್ದು
ಕೀಲಿಮಣೆಗೆ ಬರುವಷ್ಟರಲ್ಲಿ ‘ಕಾಲು ತಗುಲಿತು’.

ಆರು ಸಲ ಮಾರೆನ್ ಸಭೆಯ ಮುಂದೆ ನಿಂತಳು:
‘ನನ್ನ ಕೈಕೆಳಗಿನವರನ್ನು ನನ್ನ ಕೈಗೆ ಕೊಡಿ.’
ಸದಸ್ಯನೊಬ್ಬ ನಕ್ಕ:
‘ಯಾಕೆ ಮೇಡಂ, ನಿಮ್ಮವರ ಮೇಲೆ ನಿಮಗೇ ನಂಬಿಕೆ ಇಲ್ಲವೆ?’
‘ನಮ್ಮವರು ಅಂತ ಹೇಳುವ ಹಾಗೇ ಇಲ್ಲವಲ್ಲ’ ಅಂದಳು.
ಹಿಂದಿನ ಸಾಲಿನಲ್ಲಿದ್ದ ನಾನು ಚಪ್ಪಾಳೆ ತಟ್ಟಲಿಲ್ಲ.
ಮುಂದಿನ ಸಾಲಿನಲ್ಲಿ ಡ್ರಿಸ್ಕಲ್ ಇದ್ದರು.

ಕೊನೆಗೆ ಅದು ಮತಪತ್ರ ಸೇರಿತು,
ಚರಂಡಿ ತೆರಿಗೆಗೂ ನಾಯಿ ಪರವಾನಗಿಗೂ ನಡುವೆ
ಹದಿನೇಳನೇ ಪ್ರಸ್ತಾವ.
ಯುಲಾಲಿಯ ಬ್ಯಾಂಕ್ಸ್ ಎಂಬ ಮುದುಕಿ ಮನೆಮನೆ ತಿರುಗಿದಳು,
ಮೊಮ್ಮಗನ ಮುರಿದ ಮಣಿಕಟ್ಟಿನ ಎಕ್ಸ್-ರೇ ಹಿಡಿದು,
ಕತ್ತಲಾದ ಮೇಲೆ ಬೀದಿದೀಪಕ್ಕೆ ಎತ್ತಿ ತೋರಿಸುತ್ತಾ.
ಇನ್ನೂರ ಹನ್ನೊಂದು ಮತ ಹೆಚ್ಚು ಬಿದ್ದವು.
ಆ ರಾತ್ರಿ ಮಾರೆನ್ ಮನೆಗೆ ಹೋಗಿ ಬಟ್ಟೆ ಒಗೆದಳಂತೆ.

ಜನವರಿ. ನದಿಯ ಅಂಚಿಗೆ ಮಂಜುಗಡ್ಡೆ.
ಹೊಸ ಲೆಟರ್‌ಹೆಡ್ಡು ಬಂತು, ಶಾಯಿಯ ಹಸಿ ವಾಸನೆ.
ಮೊದಲ ಪತ್ರ ಎದುರು ಕಟ್ಟಡಕ್ಕೆ ಅಂದುಕೊಂಡೆ.
ಮೊದಲ ಪತ್ರ ನನಗೆ.

‘ಯುಲಾಲಿಯ ಬ್ಯಾಂಕ್ಸ್ ದೂರು ನಿಮ್ಮ ಮೇಜಿನಲ್ಲಿ
ನಲವತ್ತೊಂದು ದಿನ ಮಲಗಿತ್ತು.
ಅವರು ಹೇಳಿದ್ದು: ಕೈ ತಿರುಚಿದರು.
ನೀವು ಬರೆದದ್ದು: ಕೈ ತಿರುಗಿತು.
ಹಾಗೆ ಬರೆಯಲು ಯಾರು ಹೇಳಿದರು?’

ಎರಡು ದಿನ ಯೋಚಿಸಿದೆ.
ಒಂದು ಹೆಸರು ಸಿಕ್ಕರೆ ಎಷ್ಟು ಚೆನ್ನಾಗಿತ್ತು.
ಯಾರೂ ಹೇಳಲಿಲ್ಲ, ಎಂದು ಬರೆದುಕೊಟ್ಟೆ.

ಮಾರೆನ್ ಓದಿದರು, ಕನ್ನಡಕ ತೆಗೆದರು.
(ನನ್ನ ಬಾಯಲ್ಲಿ ಯಾವಾಗಲೋ ಅವಳು ಅವರಾಗಿದ್ದರು.)
‘ಇಷ್ಟು ದಿನ ಆ ಕಟ್ಟಡದ ಕಡೆ ಕೈ ತೋರಿಸಬಹುದಿತ್ತು,
ನೀನೂ, ನಾನೂ.
ಇನ್ನು ನಿನ್ನ ತಪ್ಪು ನನ್ನ ತಲೆಗೆ.
ಆಕೆಗೆ ನೀನೇ ಫೋನು ಮಾಡು.’

ಮಾಡಿದೆ. ತಿದ್ದಿದ ವಾಕ್ಯ ಓದಿದೆ.
ಆ ಕಡೆ ಕುಕ್ಕರೋ ಏನೋ ಸೀಟಿ ಹೊಡೆಯಿತು,
‘ತಡೆ’ ಅಂದಳು, ಒಲೆ ಆರಿಸಿ ಬಂದಳು.
‘ಈಗ ಇನ್ನೊಮ್ಮೆ ಓದು, ನಿಧಾನ.’
ತಿರುಚಿದರು, ಎಂದೆ.
‘ಹೂಂ’ ಅಂದಳು. ಇಟ್ಟಳು. ಕ್ಷಮೆ ಕೇಳಲು ಬಿಡಲಿಲ್ಲ.

ಫೆಬ್ರವರಿಯಲ್ಲಿ ಲಿಫ್ಟಿನೊಳಗೆ ಡ್ರಿಸ್ಕಲ್ ಸಿಕ್ಕರು.
ನನ್ನ ಕೈಯಲ್ಲಿ ಹಲ್ಲಿನ ಡಾಕ್ಟರರಿಗೆಂದು ಅರ್ಧ ದಿನದ ಚೀಟಿ,
ಕೊನೆಯ ಗೆರೆಯ ಮೇಲೆ ಮಾರೆನ್‌ರ ಸಣ್ಣ, ಓದಲು ಬರುವ ಸಹಿ.
ಅವರು ನೋಡಿದರು, ನೋಡದಂತೆ ನಿಂತರು.
ಬಾಗಿಲು ತೆರೆದಾಗ ಕೇಳಿದರು:
‘ಮಗಳು ಹೇಗಿದ್ದಾಳೆ?’

‘ಶಾಲೆಗೆ ಹೋಗುತ್ತಾಳೆ’ ಅಂದೆ.
‘ಆ ಟೊಪ್ಪಿ ಈಗ ಹಿಡಿಸುವುದಿಲ್ಲ.’