ಹತ್ತೊಂಬತ್ತು ಬಿಂದು ನಾಲ್ಕು ಐದು

ಮನಾಮಾ, ಗುದೈಬಿಯಾ, ಮೂರನೇ ಮಹಡಿ.
ಸೋಫಾ ಗೋಡೆಗೆ ತಳ್ಳಿದರೆ ಹಾಲೇ ತರಗತಿ.
ಐದು ಮಕ್ಕಳು, ಬಾಗಿಲಾಚೆ ಹತ್ತು ಚಪ್ಪಲಿ,
ಒಂದು ಬಿಳಿ ಬೋರ್ಡು,
ಒಣಗುತ್ತ ಬಂದ ಹಸಿರು ಮಾರ್ಕರು.

ಹದಿನೆಂಟು ವರ್ಷದಿಂದ ನಾನು ಹೇಳುವುದು ಇಷ್ಟೇ:
ಮೊದಲು ಕೊಟ್ಟದ್ದು ಬರೆ, ಆಮೇಲೆ ಕೇಳಿದ್ದು ಬರೆ.
ಏಕಮಾನ ಬಿಟ್ಟರೆ ಮಾನ ಹೋಯಿತೆಂದೇ ತಿಳಿ.
ಸೆಲ್ಸಿಯಸ್ಸಿಗೆ ಇನ್ನೂರ ಎಪ್ಪತ್ಮೂರು ಕೂಡಿಸದೆ
ಈ ಮನೆಯಲ್ಲಿ ನೀರು ಸಹ ಕೇಳಬೇಡ.

ಅವತ್ತಿನ ಲೆಕ್ಕ ನಾನೇ ಕಟ್ಟಿದ್ದು.
ಪುಸ್ತಕದಲ್ಲಿ ಗ್ಲೂಕೋಸಿನ ದ್ರಾವಣವಿತ್ತು.
ಯಾವ ದಿಕ್ಕಿಗೆ ನಡೆದರೂ ಸಮುದ್ರ ಸಿಗುವ ದ್ವೀಪದಲ್ಲಿ
ಗ್ಲೂಕೋಸ್ ಯಾಕೆಂದು ಅದನ್ನು ತೆಗೆದು
ಉಪ್ಪು ಹಾಕಿದೆ; ಬಾಕಿ ಹಾಗೇ ಬಿಟ್ಟೆ.
ಲೀಟರಿಗೆ ನಲವತ್ತೈದು ಗ್ರಾಂ,
ಮೂವತ್ತೈದು ಡಿಗ್ರಿ ಶಾಖ,
ಅಭಿಸರಣೆಯ ಒತ್ತಡ ಎಷ್ಟು?

ಆಲ್ಡನ್ ಐವತ್ತೆಂಟೂವರೆಯಿಂದ ಭಾಗಿಸಿದ.
ಅಫೀಫಾ ಗುಣಿಸಿದಳು, ಮುನ್ನೂರ ಎಂಟು ಕೆಲ್ವಿನ್
ಮರೆಯಲಿಲ್ಲ, ಜಾಣೆ.
ಹತ್ತೊಂಬತ್ತು ಬಿಂದು ನಾಲ್ಕು ಐದು ಅಟ್ಮಾಸ್ಫಿಯರ್.
ಕೆಳಗೆ ಎರಡು ಗೆರೆ.
ಸರಿ ಗುರುತು ಹಾಕಿದೆ. ದೊಡ್ಡದು.

ಅಷ್ಟರಲ್ಲಿ ಬಾಗಿಲಲ್ಲಿ ಬೊನವೆಂಚರ್ ಮಥಾಯಸ್,
ಆಲ್ಡನ್ನಿನ ಅಪ್ಪ.
ಹಿದ್ ಕಡೆಯ ನೀರಿನ ಪ್ಲಾಂಟಿನಲ್ಲಿ ಪಂಪಿನ ಕೆಲಸ,
ಕಿವಿಯಲ್ಲಿ ಇನ್ನೂ ಮೋಟಾರು ಓಡುತ್ತಿದೆಯೋ ಎಂಬಂತೆ
ತುಸು ಜೋರಾಗಿ ಮಾತಾಡುವವರು.
ಕೈಯಲ್ಲಿ ಬೂಟು, ಕಾಲುಚೀಲದ ತುದಿಗೆ ಬೆಳ್ಳಗೆ ಉಪ್ಪು.
ಗೇಜು ನೋಡುವ ಕಣ್ಣಲ್ಲಿ ಬೋರ್ಡು ನೋಡಿದರು.

"ಇದು ನಮ್ಮ ಸಮುದ್ರವಾ ಟೀಚರ್?"
ಹೌದೆಂದೆ.
"ಹತ್ತೊಂಬತ್ತಕ್ಕೆ ಒಂದು ಹನಿ ಸಹ ಬರುದಿಲ್ಲ ಮಾರಾಯ್ರೆ.
ಮೂವತ್ತೈದಕ್ಕೂ ಇಲ್ಲ. ಸ್ಟಾರ್ಟ್ ಮಾಡುವಾಗ ನೋಡ್ತೇವಲ್ಲ,
ನಲವತ್ತು ಮುಟ್ಟಿದ ಮೇಲೆಯೇ ಪೈಪು ಒದ್ದೆ ಆಗುದು.
ನಡಿಯುದು ಎಪ್ಪತ್ತರಲ್ಲಿ."
ಎಪ್ಪತ್ತು ಏನು? ಏಕಮಾನ ಹೇಳಲಿಲ್ಲ ಅವರು.
ನಾನೂ ಕೇಳಲಿಲ್ಲ.

ಮಕ್ಕಳು ನನ್ನನ್ನೇ ನೋಡಿದರು.
ಮಾರ್ಕರಿನ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.
ಸೂತ್ರದ ಮುಂದೆ ಒಂದು ಪುಟ್ಟ ಅಕ್ಷರ ನಿಲ್ಲಬೇಕಿತ್ತು,
ತಲೆಯ ಮೇಲೆ ಚುಕ್ಕಿ ಹೊತ್ತ ಐ.
ಗ್ಲೂಕೋಸ್ ನೀರಿಗೆ ಬಿದ್ದರೂ ಒಂದೇ ಇರುತ್ತದೆ,
ಉಪ್ಪು ಬಿದ್ದ ಗಳಿಗೆಯೇ ಎರಡು.
ಹಾವೇರಿಯ ಕಾಲೇಜಿನಲ್ಲಿ ಬೆಂಚು ಗುದ್ದಿ ಕಲಿಸಿದ್ದರು,
ನಾನೂ ನೂರು ಸಲ ಕಲಿಸಿದ್ದೇನೆ.
ಪರೀಕ್ಷೆಯಲ್ಲಿ ಇದಕ್ಕೆ ಅರ್ಧ ಅಂಕ ಹೋಗುತ್ತದೆ;
ಅವರ ಪ್ಲಾಂಟಿನಲ್ಲಿ ಏನು ಹೋಗುತ್ತದೋ.

ಗುಣಿಸು ಎರಡು. ಮೂವತ್ತೆಂಟು ಬಿಂದು ಒಂಬತ್ತು.
ನಲವತ್ತರ ಹೊಸ್ತಿಲಿಗೆ, ಪೈಪು ಒದ್ದೆಯಾಗುವ ಜಾಗಕ್ಕೆ
ಬಂದು ಕೂತಿತು ಲೆಕ್ಕ.
ಸೋರಿಕೆ ನಿಂತದ್ದು ನೋಡಿದ ಹಾಗೆ
ಮಥಾಯಸ್ ಸುಮ್ಮನೆ ತಲೆಯಾಡಿಸಿದರು.
"ಪಿಯುಸಿಯಲ್ಲಿ ಕೆಮಿಸ್ಟ್ರಿ ಬಿದ್ದದ್ದು ನಾನು.
ಈ ಐ ಉಂಟಲ್ಲ, ಅದು ಯಾರೆಂದು ಇವತ್ತು ಗೊತ್ತಾಯಿತು."

"ಅಂಕಲ್, ಹಾಗಾದರೆ ಉಳಿದ ಮೂವತ್ತೊಂದು?"
ಮೂಲೆಯ ಪ್ರಥ್ವಿನ್, ಇಡೀ ವರ್ಷ ಬಾಯಿ ಬಿಡದ ಹುಡುಗ.
ಬೂಟು ಕೆಳಗಿಟ್ಟು ಚಾಪೆಯ ಮೇಲೆ ಕೂತರು ಅವರು.
ಸಿಹಿನೀರು ಆಚೆ ದಾಟಿದಷ್ಟೂ
ಈಚೆ ಉಳಿದದ್ದು ಇನ್ನಷ್ಟು ಉಪ್ಪು, ಇನ್ನಷ್ಟು ಹಟ.
ಮೊದಲ ಲೀಟರಿನ ರೇಟಿಗೆ ಕೊನೆಯ ಲೀಟರು ಸಿಗುವುದಿಲ್ಲ.
ನಾನೂ ಒಂದು ನೋಟ್‌ಬುಕ್ಕು ತೆಗೆದುಕೊಂಡು
ಅಫೀಫಾಳ ಪಕ್ಕ ಕೂತೆ.

ಎಲ್ಲರೂ ಹೋದ ಮೇಲೆ ಬೋರ್ಡು ಒರೆಸಿದರೆ
ಅಂಕಿ ಅಳಿದವು, ಆ ದೊಡ್ಡ ಸರಿ ಗುರುತು ಅಳಿಯಲಿಲ್ಲ.
ಬಟ್ಟೆ ಒದ್ದೆ ಮಾಡಿಕೊಳ್ಳಲು ನಲ್ಲಿ ತಿರುಗಿಸಿದೆ.
ಎಪ್ಪತ್ತು ದಾಟಿ, ಮೂರು ಮಹಡಿ ಹತ್ತಿ ಬಂದ ನೀರು
ಬೆಚ್ಚಗಿತ್ತು.
ಉಜ್ಜಿದೆ.
ಹಸಿರು ಸ್ವಲ್ಪ ಉಳಿಯಿತು.